ಬಿಡಿಭಾಗಕ್ಕೆ ವಾರಂಟಿ ಇದೆ, ಗಾಡಿ ನಿಂತ ದಿನಗಳಿಗೆ?

ಡೀಸೆಲ್ ಟ್ರಕ್ಕಿನ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿಕೊಳ್ಳುತ್ತದೆ. ಎಂಜಿನ್ ಚೆನ್ನಾಗಿಯೇ ಓಡುತ್ತಿದೆ. ಸದ್ದಿನಲ್ಲಿ ವ್ಯತ್ಯಾಸ ಇಲ್ಲ, ಎಳೆಯುವ ಶಕ್ತಿಯೂ ಕಮ್ಮಿಯಾಗಿಲ್ಲ. ಆದರೆ ಪರದೆಯ ಮೇಲೆ ಎಚ್ಚರಿಕೆ ಬರುತ್ತದೆ: ಇನ್ನು ಇಷ್ಟು ಮೈಲಿ ಕಳೆದರೆ ಗಾಡಿಯ ವೇಗ ಗಂಟೆಗೆ 5 ಮೈಲಿಗೆ ಇಳಿಯುತ್ತದೆ. ಅಂದರೆ 8 ಕಿಲೋಮೀಟರ್. ಹಿಂದೆ ಟ್ರೇಲರ್ ತುಂಬಾ ಸರಕು, ಮುಂದೆ ಹೈವೇ, ಕಣ್ಣೆದುರು ಆ ಅಂಕಿ ಇಳಿಯುತ್ತಲೇ ಇರುತ್ತದೆ. ಅಮೆರಿಕದಲ್ಲಿ ಡೀಸೆಲ್ ಟ್ರಕ್ ಓಡಿಸುವವರಲ್ಲಿ ಈ ಕ್ಷಣ ಗೊತ್ತಿಲ್ಲದವರು ಕಡಿಮೆ.

ಎಷ್ಟೋ ಸಲ ಕೆಟ್ಟಿರುವುದು ಎಂಜಿನ್ ಅಲ್ಲ. ಹೊಗೆ ಕೊಳವೆಯಲ್ಲಿ ಕೂತಿರುವ, ಹೆಚ್ಚುಕಮ್ಮಿ ಸ್ಪಾರ್ಕ್ ಪ್ಲಗ್ ಗಾತ್ರದ ಒಂದು ಸೆನ್ಸರ್. ಹೊಗೆ ನಿಯಂತ್ರಣ ಕೆಟ್ಟಿದೆ ಅಂತ ಕಂಡರೆ ಗಾಡಿಯ ಕಂಪ್ಯೂಟರೇ ವೇಗ ಇಳಿಸುತ್ತದೆ. ಅದನ್ನು ಬಿಚ್ಚಿ ಹೊಸದು ಕೂರಿಸುವುದು ದೊಡ್ಡ ಕೆಲಸ ಅಲ್ಲ. ಆದರೆ ಅಲ್ಲಿಗೆ ತಲುಪುವ ದಾರಿ ಉದ್ದ. ಸರ್ವಿಸ್ ಸೆಂಟರಿನಲ್ಲಿ ಸರದಿ ಬರಬೇಕು, ಕೆಟ್ಟಿರುವುದು ಅದೇ ಅಂತ ಅವರು ಕಂಡುಹಿಡಿಯಬೇಕು, ಇದು ವಾರಂಟಿಗೆ ಸೇರುತ್ತದೆ ಅಂತ ಕಂಪನಿ ಒಪ್ಪಬೇಕು, ಆಮೇಲೆ ಪಾರ್ಟು ಬರಬೇಕು. ಅಷ್ಟರಲ್ಲಿ ಗಾಡಿ ಎಷ್ಟು ದಿನ ನಿಂತಿರುತ್ತದೆ ಅನ್ನುವುದಕ್ಕೆ ಯಾವ ಲೆಕ್ಕವೂ ಇಲ್ಲ. ಸಾಲದ ಕಂತಿಗೆ ಮಾತ್ರ ಲೆಕ್ಕ ಇದೆ, ಅದು ತಿಂಗಳಿಗೆ ಸರಿಯಾಗಿ ಬರುತ್ತದೆ.

ನನಗೆ ಇಡೀ ವಿಷಯದಲ್ಲಿ ಕಾಣುವುದು ಇದೇ. ಹೊಗೆಯನ್ನು ಗ್ರಾಂ ಲೆಕ್ಕದಲ್ಲಿ ಅಳೆಯುತ್ತಾರೆ, ವಾರಂಟಿಯನ್ನು ಮೈಲಿ ಲೆಕ್ಕದಲ್ಲಿ ಅಳೆಯುತ್ತಾರೆ, ರೀಕಾಲನ್ನು, ಅಂದರೆ ದೋಷವಿರುವ ಗಾಡಿಗಳನ್ನು ಕಂಪನಿ ವಾಪಸ್ ಕರೆದು ಸರಿಮಾಡಿಕೊಡುವುದನ್ನು, ಗಾಡಿಗಳ ಸಂಖ್ಯೆಯಲ್ಲಿ ಅಳೆಯುತ್ತಾರೆ. ಮಾಲೀಕ ಕಳೆದುಕೊಂಡ ದಿನಗಳನ್ನು ಯಾರೂ ಅಳೆಯುವುದಿಲ್ಲ. ಅಳೆಯದ ನಷ್ಟವನ್ನು ಯಾರೂ ಕಟ್ಟಿಕೊಡುವುದಿಲ್ಲ, ಅಲ್ವಾ?

ಇಷ್ಟೊಂದು ಭಾಗಗಳು ಕೆಡುವುದು ಯಾಕೆ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಡೀಸೆಲ್ ಎಂಜಿನ್ನಿನಲ್ಲಿ ಮುಖ್ಯವಾಗಿ ಎರಡು ಕೊಳೆ. ಉರಿ ತುಂಬಾ ಬಿಸಿಯಾದರೆ ಗಾಳಿಯಲ್ಲಿರುವ ನೈಟ್ರೋಜನ್ ಆಮ್ಲಜನಕದ ಜೊತೆ ಸೇರಿ ನೈಟ್ರೋಜನ್ ಆಕ್ಸೈಡ್ ಆಗುತ್ತದೆ. ಉರಿಯ ಬಿಸಿ ಇಳಿಸಿದರೆ ಡೀಸೆಲ್ ಪೂರ್ತಿ ಸುಡದೆ ಮಸಿ ಜಾಸ್ತಿಯಾಗುತ್ತದೆ. ಒಂದನ್ನು ಒತ್ತಿದರೆ ಇನ್ನೊಂದು ಏಳುತ್ತದೆ. ಅಮೆರಿಕದ ಪರಿಸರ ಸಂಸ್ಥೆ ಇಪಿಎ ಎರಡನ್ನೂ ಒಟ್ಟಿಗೆ ಒತ್ತಿತು. ದೊಡ್ಡ ಟ್ರಕ್ಕುಗಳ ಎಂಜಿನ್ನಿಗೆ 2007ರಿಂದ ಮಸಿಯ ಮಿತಿ ಬಿಗಿಯಾಯಿತು, 2010ರ ಹೊತ್ತಿಗೆ ನೈಟ್ರೋಜನ್ ಆಕ್ಸೈಡಿನ ಮಿತಿ ಒಂದು ಅಶ್ವಶಕ್ತಿ-ಗಂಟೆ ಕೆಲಸಕ್ಕೆ 0.20 ಗ್ರಾಂಗೆ ಇಳಿಯಿತು. ಇದು ಸರಿಯಾದ ಕೆಲಸವೇ. ಡೀಸೆಲ್ ಹೊಗೆ ಮನುಷ್ಯರಿಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ಸ್ಪಷ್ಟವಾಗಿ ಹೇಳಿತು. ಹೈವೇ ಪಕ್ಕ ಮನೆ ಇರುವವರು, ಟ್ರಕ್ ನಿಲ್ದಾಣದಲ್ಲಿ ಮಲಗುವ ಡ್ರೈವರುಗಳು, ಮೊದಲು ಉಸಿರಾಡುವವರು ಅವರೇ.

ಈ ಮಿತಿಗಳ ಒಳಗೆ ಇರಲು ಮೂರು ಸಾಧನ ಬಂದವು. ಮೊದಲನೆಯದು ಇಜಿಆರ್. ಸುಟ್ಟ ಹೊಗೆಯಲ್ಲಿ ಒಂದಿಷ್ಟನ್ನು ತಂಪು ಮಾಡಿ ಮತ್ತೆ ಎಂಜಿನ್ನಿಗೇ ಕಳಿಸುತ್ತದೆ, ಉರಿಯ ಬಿಸಿ ಇಳಿಯುತ್ತದೆ. ತಂಪು ಮಾಡುವ ಕೂಲರಿನಲ್ಲಿ ತೆಳು ಲೋಹದ ಗೋಡೆಯ ಒಂದು ಬದಿ ನೂರಾರು ಡಿಗ್ರಿ ಬಿಸಿ ಹೊಗೆ, ಇನ್ನೊಂದು ಬದಿ ಕೂಲೆಂಟ್, ಅಂದರೆ ಎಂಜಿನ್ ತಂಪಾಗಿಡುವ ದ್ರವ. ಗಾಡಿ ಶುರುವಾದಾಗ ಲೋಹ ಹಿಗ್ಗುತ್ತದೆ, ನಿಂತಾಗ ಕುಗ್ಗುತ್ತದೆ. ಸಾವಿರಾರು ಸಲ ಹೀಗಾದ ಮೇಲೆ ಬೆಸುಗೆಯ ಹತ್ತಿರ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಎರಡನೆಯದು ಡಿಪಿಎಫ್, ಮಸಿ ಹಿಡಿಯುವ ಸೆರಾಮಿಕ್ ಜಾಲರಿ. ಅದು ತುಂಬಿದಾಗ ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿಯನ್ನು ಸುಡಬೇಕು, ಇದಕ್ಕೆ ರೀಜನ್ ಅನ್ನುತ್ತಾರೆ. ಉದ್ದ ದಾರಿಯಲ್ಲಿ ಓಡುವ ಗಾಡಿಗೆ ಇದು ತಾನಾಗಿಯೇ ಆಗುತ್ತದೆ. ಹತ್ತು ನಿಮಿಷ ಓಡಿ ಅರ್ಧ ಗಂಟೆ ನಿಲ್ಲುವ ಕಸದ ಗಾಡಿಗೆ ಆಗುವುದಿಲ್ಲ, ಅದಕ್ಕೆ ಅದು ಬೇಗ ಕಟ್ಟಿಕೊಳ್ಳುತ್ತದೆ.

ಮೂರನೆಯದೇ ಜಾಸ್ತಿ ತಲೆನೋವು: ಎಸ್‌ಸಿಆರ್. ಇದರಲ್ಲಿ ಡೆಫ್ ಅನ್ನುವ ದ್ರಾವಣವನ್ನು ಬಿಸಿ ಹೊಗೆಗೆ ಸಿಂಪಡಿಸುತ್ತಾರೆ. ಡೆಫ್ ಅಂದರೆ ನೂರಕ್ಕೆ 32.5 ಪಾಲು ಯೂರಿಯಾ, ಉಳಿದದ್ದು ಶುದ್ಧ ನೀರು. ಯೂರಿಯಾ ಒಡೆದು ಅಮೋನಿಯಾ ಆಗುತ್ತದೆ, ರಾಸಾಯನಿಕ ಕ್ರಿಯೆಗೆ ನೆರವಾಗುವ ಕ್ಯಾಟಲಿಸ್ಟಿನ ಮೇಲೆ ಅದು ನೈಟ್ರೋಜನ್ ಆಕ್ಸೈಡನ್ನು ಬರೀ ನೈಟ್ರೋಜನ್ ಮತ್ತು ನೀರಾಗಿ ಬದಲಾಯಿಸುತ್ತದೆ. ಕಲ್ಪನೆ ಚಂದ. ಆದರೆ ಡೆಫ್ ಮೈನಸ್ 11 ಡಿಗ್ರಿಯಲ್ಲಿ ಹೆಪ್ಪುಗಟ್ಟುತ್ತದೆ, ಹಾಗಾಗಿ ಟ್ಯಾಂಕಿಗೆ ಹೀಟರ್ ಬೇಕು. ಒಣಗಿದರೆ ಬಿಳಿ ಹರಳಾಗುತ್ತದೆ, ಸಿಂಪಡಿಸುವ ನಳಿಕೆಯ ಬಾಯಲ್ಲಿ ಉಪ್ಪು ಕಟ್ಟಿದ ಹಾಗೆ ಕೂರುತ್ತದೆ. ಕ್ಯಾಟಲಿಸ್ಟಿನ ಹಿಂದೊಂದು ಮುಂದೊಂದು ನಾಕ್ಸ್ ಸೆನ್ಸರ್, ಅಂದರೆ ನೈಟ್ರೋಜನ್ ಆಕ್ಸೈಡ್ ಅಳೆಯುವ ಸೆನ್ಸರ್ ಇರುತ್ತದೆ. ಅದರೊಳಗಿನ ಸೆರಾಮಿಕ್ ಚೂರು ಕೆಲಸ ಮಾಡಲು ಸುಮಾರು 800 ಡಿಗ್ರಿಗೆ ಕಾಯಬೇಕು. ಕಾದಿರುವಾಗ ಕೊಳವೆಯಲ್ಲಿ ನಿಂತ ಒಂದು ಹನಿ ನೀರು ತಾಗಿದರೂ ಅದು ಬಿರುಕು ಬಿಡಬಹುದು. ಚಳಿಗೆ ಹೊಗೆ ಕೊಳವೆಯಲ್ಲಿ ನೀರು ಕಟ್ಟುವುದು ಹೊಸದೇನಲ್ಲ, ಯಾವ ಗಾಡಿಯಲ್ಲಿ ಆಗುವುದಿಲ್ಲ ಹೇಳಿ?

ಇನ್ನೊಂದು ಮಾತು. ಈ ಮೂರೂ ಒಂದೇ ಸರಪಳಿ. ಇಜಿಆರ್ ಕೂಲರ್ ಸೋರಿದರೆ ಕೂಲೆಂಟ್ ಹೊಗೆಯ ಜೊತೆ ಹೋಗಿ ಡಿಪಿಎಫ್‌ಗೆ, ಅಲ್ಲಿಂದ ಕ್ಯಾಟಲಿಸ್ಟಿಗೆ ತಲುಪಿ ಎರಡನ್ನೂ ಹಾಳುಮಾಡಬಹುದು. ಡೀಸೆಲ್ ಇಂಜೆಕ್ಟರ್ ಸರಿಯಿಲ್ಲದೆ ಮಸಿ ಜಾಸ್ತಿಯಾದರೆ ಡಿಪಿಎಫ್ ಕಟ್ಟುತ್ತದೆ. ಆದರೆ ಕಂಪ್ಯೂಟರ್ ತೋರಿಸುವುದು ಕೊನೆಗೆ ದೂರು ಹೇಳಿದ ಭಾಗವನ್ನು. ಮೆಕ್ಯಾನಿಕ್‌ಗೆ ಪುರುಸೊತ್ತಿಲ್ಲದಿದ್ದರೆ ದೂರು ಹೇಳಿದ್ದನ್ನೇ ಬದಲಾಯಿಸಿ ಕಳಿಸುತ್ತಾನೆ. ಒಂದೆರಡು ವಾರಕ್ಕೆ ಅದೇ ದೀಪ, ದೋಷ ಹೇಳುವ ಅದೇ ಕೋಡ್. ಮಾಲೀಕನಿಗೆ ಸಿಟ್ಟು ಬರುವುದು ಮೊದಲ ಸಲ ಕೆಟ್ಟಾಗ ಅಲ್ಲ, ಈ ಎರಡನೇ ಮೂರನೇ ಸಲ.

ಈಗ ವಾರಂಟಿಗೆ ಬರೋಣ, ಇಲ್ಲಿಯೇ ನಿಜವಾದ ಕಂದರ ಇರುವುದು. ಅಮೆರಿಕದಲ್ಲಿ ಹೊಗೆ ನಿಯಂತ್ರಣದ ಭಾಗಗಳಿಗೆ ಕಾನೂನಿನ ಪ್ರಕಾರವೇ ಕಂಪನಿ ವಾರಂಟಿ ಕೊಡಬೇಕು. ಅತಿ ಭಾರದ ಟ್ರಕ್ ಎಂಜಿನ್ನಿಗೆ ಈಗಿರುವ ಕನಿಷ್ಠ ವಾರಂಟಿ 5 ವರ್ಷ ಅಥವಾ 1,00,000 ಮೈಲಿ, ಯಾವುದು ಮೊದಲೋ ಅದು. ಉದ್ದ ದಾರಿಯ ಟ್ರಕ್ ಒಂದು ಲಕ್ಷ ಮೈಲಿ ಓಡಲು ಸುಮಾರು ಒಂದು ವರ್ಷ ಸಾಕು. ಅಂದರೆ ಕಾಗದದ ಮೇಲೆ 5 ವರ್ಷ ಅಂತ ಇದ್ದರೂ ಕೈಗೆ ಸಿಗುವುದು ಒಂದೇ ವರ್ಷ. ಆದರೆ ಅದೇ ಎಂಜಿನ್ 4,35,000 ಮೈಲಿ ತನಕ ಹೊಗೆಯ ಮಿತಿಯೊಳಗೆ ಇರಬೇಕು ಅಂತ ಅದೇ ನಿಯಮ ಹೇಳುತ್ತದೆ. ನಡುವೆ ಉಳಿದ 3,35,000 ಮೈಲಿ ಯಾರದ್ದು? ಗಾಳಿಯ ಹೆಸರಿನಲ್ಲಿ ಎಂಜಿನ್ ಸರಿಯಿರಬೇಕು, ಆದರೆ ಸರಿಯಿಡುವ ಖರ್ಚು ಬಹುಪಾಲು ಮಾಲೀಕನದ್ದು. ಅದರಲ್ಲೂ ಸೆಕೆಂಡ್ ಹ್ಯಾಂಡ್ ಕೊಂಡವನದ್ದು. ಹೊಸ ಗಾಡಿ ಕೊಳ್ಳುವ ದೊಡ್ಡ ಸಾಗಣೆ ಕಂಪನಿಗಳು ನಾಲ್ಕೈದು ವರ್ಷ ಓಡಿಸಿ ಮಾರುತ್ತವೆ. ಒಂದೇ ಗಾಡಿಯಲ್ಲಿ ಬದುಕು ಕಟ್ಟಿಕೊಳ್ಳುವವರು ಕೊಳ್ಳುವುದು ಅದನ್ನೇ, ಬಿರುಕು ಬಿಡುವ ವಯಸ್ಸು ಬರುವ ಹೊತ್ತಿಗೆ.

ಇದು ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ಕ್ಯಾಲಿಫೋರ್ನಿಯಾ 2022ರ ಮಾದರಿಯಿಂದ ಅತಿ ಭಾರದ ಟ್ರಕ್ಕುಗಳ ಹೊಗೆ ವಾರಂಟಿಯನ್ನು 3,50,000 ಮೈಲಿಗೆ ಏರಿಸಿತು. 2022ರ ಡಿಸೆಂಬರಿನಲ್ಲಿ ಇಪಿಎ ಕೂಡ ಹೊಸ ನಿಯಮ ತಂದಿತು. 2027ರ ಮಾದರಿಯಿಂದ ನೈಟ್ರೋಜನ್ ಆಕ್ಸೈಡ್ ಮಿತಿ 0.035 ಗ್ರಾಂ, ಮಿತಿಯೊಳಗೆ ಇರಬೇಕಾದ ಆಯಸ್ಸು 6,50,000 ಮೈಲಿ, ವಾರಂಟಿ 4,50,000 ಮೈಲಿ. ವಾರಂಟಿ ಉದ್ದ ಮಾಡಿದರೆ ಹೊಸ ಟ್ರಕ್ಕಿನ ಬೆಲೆ ಏರುತ್ತದೆ ಅನ್ನುವುದು ಕಂಪನಿಗಳ ವಾದ. ಆ ಮಾತು ಸುಳ್ಳಲ್ಲ. ಆದರೆ ವಾರಂಟಿ ಗಿಡ್ಡ ಇದ್ದರೆ ಆ ಖರ್ಚು ಮಾಯವಾಗುತ್ತದೆಯೇ? ಇಲ್ಲ, ಬೇರೆಯವರ ಜೇಬಿಗೆ ಹೋಗುತ್ತದೆ. ಇನ್ನೊಂದು ಅನುಕೂಲವೂ ಇದೆ: ನಾಲ್ಕೂವರೆ ಲಕ್ಷ ಮೈಲಿ ತನಕ ತಾನೇ ಬದಲಾಯಿಸಿಕೊಡಬೇಕು ಅಂತಾದರೆ ಕೂಲರಿನ ಬೆಸುಗೆಯನ್ನು ಗಟ್ಟಿ ಮಾಡುವ ಮನಸ್ಸು ಕಂಪನಿಗೆ ತಾನಾಗಿ ಬರುತ್ತದೆ. 2025ರ ಮಾರ್ಚಿನಲ್ಲಿ ಇಪಿಎ ಈ ನಿಯಮವನ್ನೇ ಮರುಪರಿಶೀಲನೆಗೆ ತೆಗೆದುಕೊಳ್ಳುವುದಾಗಿ ಹೇಳಿತು. ಹೊಗೆಯ ಮಿತಿ ಬಿಗಿಯಾಗಿ, ವಾರಂಟಿ ಮಾತ್ರ ಗಿಡ್ಡವಾಗಿ ಉಳಿದರೆ ಅದಕ್ಕಿಂತ ಕೆಟ್ಟ ಜೋಡಿ ಮಾಲೀಕನಿಗೆ ಇನ್ನೊಂದಿಲ್ಲ.

ವಾರಂಟಿ ಇದ್ದಾಗಲೂ ಜಗಳ ತಪ್ಪುವುದಿಲ್ಲ. ಭಾಗ ತಾನಾಗಿ ಕೆಟ್ಟಿತೋ, ಅಥವಾ ಕೆಟ್ಟ ಡೆಫ್ ಹಾಕಿದ್ದರಿಂದ ಕೆಟ್ಟಿತೋ? ಮಸಿ ಕಟ್ಟಿರುವುದು ದೋಷವೋ, ಬಳಕೆಯ ರೀತಿಯೋ? ಕೂಲರ್ ವಾರಂಟಿಗೆ ಬಂತು ಸರಿ, ಅದರಿಂದ ಹಾಳಾದ ಡಿಪಿಎಫ್ ಬರುತ್ತದೋ? ಪ್ರತಿ ಪ್ರಶ್ನೆಗೂ ಉತ್ತರ ಹೇಳುವವರು ಖರ್ಚು ಭರಿಸಬೇಕಾದವರೇ. ಹೊರಗಿನ ಗ್ಯಾರೇಜಿನಲ್ಲಿ ಸರ್ವಿಸ್ ಮಾಡಿಸಿದ್ದೀರಿ ಅಂತ ಸುಮ್ನೆ ವಾರಂಟಿ ನಿರಾಕರಿಸುವ ಹಾಗಿಲ್ಲ, ಆ ಸರ್ವಿಸಿನಿಂದಲೇ ಕೆಟ್ಟಿತು ಅಂತ ತೋರಿಸಬೇಕು. ಇದು ಕಾನೂನಿನಲ್ಲೇ ಇದೆ. ಕೌಂಟರಿನ ಮುಂದೆ ನಿಂತ ಎಷ್ಟು ಜನಕ್ಕೆ ಇದು ಗೊತ್ತಿರುತ್ತದೆ?

ರೀಕಾಲ್ ಆದರೆ ಎಲ್ಲ ಸರಿಹೋಗುತ್ತದೆ ಅಂತ ಅಂದುಕೊಳ್ಳುತ್ತೇವೆ. ಘೋಷಣೆಯ ದಿನ ಬೇರೆ, ರಿಪೇರಿಯ ದಿನ ಬೇರೆ. 2018ರಲ್ಲಿ ಎಂಜಿನ್ ತಯಾರಿಸುವ ಕಮಿನ್ಸ್ ಕಂಪನಿ 2010ರಿಂದ 2015ರ ಮಾದರಿಯ ಸುಮಾರು 5 ಲಕ್ಷ ಟ್ರಕ್ಕುಗಳನ್ನು ವಾಪಸ್ ಕರೆಯಿತು. ಎಸ್‌ಸಿಆರ್ ಕ್ಯಾಟಲಿಸ್ಟ್ ಬೇಕಾದಷ್ಟು ಬಾಳಿಕೆ ಬರುತ್ತಿರಲಿಲ್ಲ, ರಸ್ತೆಯಲ್ಲಿ ಓಡುವ ಗಾಡಿಗಳನ್ನು ಪರೀಕ್ಷಿಸಿದಾಗ ಅದು ಸಿಕ್ಕಿಬಿತ್ತು. ಮೊದಲ ಮಾದರಿಗಳು ಬಂದು ಆಗಲೇ ಎಂಟು ವರ್ಷ. ಅಷ್ಟಾದರೂ ಎಲ್ಲರಿಗೂ ಒಟ್ಟಿಗೆ ಪಾರ್ಟು ಕೊಡಲು ಆಗದೆ ಎರಡು ಹಂತ ಮಾಡಿದರು, ಎರಡನೇ ಹಂತ ಶುರುವಾಗಬೇಕಿದ್ದದ್ದು 2019ರ ಮಾರ್ಚಿನಲ್ಲಿ. ಅಷ್ಟರೊಳಗೆ ತನ್ನ ಕ್ಯಾಟಲಿಸ್ಟ್ ಸತ್ತು, ಸ್ವಂತ ದುಡ್ಡು ಹಾಕಿ ಬದಲಾಯಿಸಿದವನಿಗೆ ರೀಕಾಲ್ ಪತ್ರ ಬಂದಾಗ ಹೇಗನ್ನಿಸಿರಬೇಡ?

ಇನ್ನೊಂದು ಪ್ರಕರಣ ಇನ್ನೂ ಭಯದ್ದು. 2019ರ ಅಕ್ಟೋಬರಿನಲ್ಲಿ ಫಿಯೆಟ್ ಕ್ರೈಸ್ಲರ್ 2014ರಿಂದ 2019ರ ಮಾದರಿಯ ಸುಮಾರು 1 ಲಕ್ಷ 8 ಸಾವಿರ ರ‍್ಯಾಮ್ 1500 ಡೀಸೆಲ್ ಪಿಕಪ್‌ಗಳಿಗೆ ರೀಕಾಲ್ ಘೋಷಿಸಿತು. ಕಾರಣ ನಾವು ಮೇಲೆ ನೋಡಿದ್ದೇ: ಇಜಿಆರ್ ಕೂಲರಿನ ಬಿರುಕು. ಅಲ್ಲಿ ಸೋರಿದ ಕೂಲೆಂಟ್ ಬಿಸಿ ಜಾಗಕ್ಕೆ ತಲುಪಿ ಬೆಂಕಿ ಹತ್ತುವ ಅಪಾಯ. ಅಷ್ಟರಲ್ಲಿ ಮಾಲೀಕರಿಗೆ ಸಿಕ್ಕ ಸಲಹೆ, ಕೂಲೆಂಟ್ ಮಟ್ಟದ ಮೇಲೆ ಕಣ್ಣಿಡಿ, ಪದೇಪದೇ ಇಳಿಯುತ್ತಿದ್ದರೆ ಡೀಲರ್ ಹತ್ತಿರ ಹೋಗಿ ಅಂತ. ಬಾನೆಟ್ ಎತ್ತಿ ಡಬ್ಬಿಯ ಗೆರೆ ನೋಡಿ, ನಿನ್ನೆಗಿಂತ ಕಮ್ಮಿಯಾಯಿತೋ ಇಲ್ಲವೋ ಅಂತ ಅಂದಾಜು ಹಾಕಿ, ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಹೊರಡಬೇಕಾದ ಪರಿಸ್ಥಿತಿ ಯೋಚಿಸಿ.

ಸುರಕ್ಷತೆಯ ರೀಕಾಲ್ ಆದರೆ ಕಂಪನಿ ಸರ್ಕಾರಕ್ಕೆ ತಿಳಿಸಿದ 60 ದಿನದೊಳಗೆ ಮಾಲೀಕರಿಗೂ ಪತ್ರ ಹೋಗಬೇಕು. ಪತ್ರಕ್ಕೆ ಗಡುವು ಇದೆ, ಪಾರ್ಟಿಗೆ ಅಷ್ಟು ಖಚಿತವಾದ ಗಡುವಿಲ್ಲ. ಹಾಗಾಗಿ ಮೊದಲು ಒಂದು ಮಧ್ಯಂತರ ಪತ್ರ ಬರುತ್ತದೆ: ನಿಮ್ಮ ಗಾಡಿಯಲ್ಲಿ ದೋಷ ಇದೆ, ಪರಿಹಾರ ಸಿದ್ಧವಾದಾಗ ಇನ್ನೊಂದು ಪತ್ರ ಕಳಿಸುತ್ತೇವೆ. ಹೊಗೆಯ ರೀಕಾಲ್ ಇಪಿಎ ಕಡೆಯ ವಿಷಯ, ಸುರಕ್ಷತೆಯದ್ದು ಹೆದ್ದಾರಿ ಸುರಕ್ಷತಾ ಸಂಸ್ಥೆಯ ವಿಷಯ, ಒಂದೇ ಕೂಲರ್ ಎರಡು ಕಡೆಯ ಕಡತದಲ್ಲೂ ಇರಬಹುದು. ಕ್ಯಾಲಿಫೋರ್ನಿಯಾದಲ್ಲಿ ಹೊಗೆಯ ರೀಕಾಲ್ ಕೆಲಸ ಮಾಡಿಸದಿದ್ದರೆ ನೋಂದಣಿ ನವೀಕರಣವೇ ನಿಲ್ಲಬಹುದು. ತಡವಾದರೆ ಮಾಲೀಕನಿಗೆ ಹೀಗೆ ನೇರ ಪೆಟ್ಟು ಬೀಳುತ್ತದೆ.

ಕೆಲವು ರೀಕಾಲಿಗೆ ಜನರೇ ಹೋಗುವುದಿಲ್ಲ ಅನ್ನುವುದೂ ನಿಜ. ರ‍್ಯಾಮ್ 2500 ಮತ್ತು 3500 ಪಿಕಪ್‌ಗಳ ಎಂಜಿನ್ನಿನಲ್ಲಿ ಹೊಗೆ ಪರೀಕ್ಷೆಯನ್ನು ವಂಚಿಸುವ ತಂತ್ರಾಂಶ ಇತ್ತು ಅನ್ನುವ ಆರೋಪದ ಮೇಲೆ ಕಮಿನ್ಸ್ 167.5 ಕೋಟಿ ಡಾಲರ್ ದಂಡಕ್ಕೆ ಒಪ್ಪಿತು, 2013ರಿಂದ 2019ರ ಮಾದರಿಯ ಸುಮಾರು 6 ಲಕ್ಷ 30 ಸಾವಿರ ಗಾಡಿಗಳ ವಿಷಯ ಅದು. ಶುದ್ಧ ಗಾಳಿ ಕಾಯ್ದೆಯಡಿ ಅಷ್ಟು ದೊಡ್ಡ ಸಿವಿಲ್ ದಂಡ ಅದಕ್ಕೂ ಮೊದಲು ಬಿದ್ದಿರಲಿಲ್ಲ. ಒಪ್ಪಂದದ ಪ್ರಕಾರ ಮೂರು ವರ್ಷದಲ್ಲಿ ನೂರಕ್ಕೆ 85 ಗಾಡಿಗಳ ತಂತ್ರಾಂಶ ಬದಲಾಗಬೇಕು, ಕೆಲವು ಭಾಗಗಳ ವಾರಂಟಿ ಉದ್ದವಾಗಬೇಕು. ಆದರೆ ಹೊಸ ತಂತ್ರಾಂಶ ಹಾಕಿದ ಮೇಲೆ ಮೈಲೇಜ್ ಬೀಳುತ್ತದೋ, ಡೆಫ್ ಜಾಸ್ತಿ ಕುಡಿಯುತ್ತದೋ ಅನ್ನುವ ಅಳುಕಿದ್ದರೆ ಮಾಲೀಕ ಗಾಡಿ ತರುವುದೇ ಇಲ್ಲ. ಈ ಅಪನಂಬಿಕೆ ಒಂದು ದಿನದಲ್ಲಿ ಹುಟ್ಟಿದ್ದಲ್ಲ.

ಅಪನಂಬಿಕೆಯ ಕೊನೆಯ ಮೆಟ್ಟಿಲು ಡಿಲೀಟ್. ಇಜಿಆರ್ ಮುಚ್ಚಿ, ಡಿಪಿಎಫ್ ಕತ್ತರಿಸಿ ಖಾಲಿ ಕೊಳವೆ ಬೆಸೆದು, ಕಂಪ್ಯೂಟರಿಗೆ ಎಲ್ಲ ಸರಿಯಿದೆ ಅಂತ ಸುಳ್ಳು ಹೇಳಿಸುವುದು. 2020ರ ನವೆಂಬರಿನ ಇಪಿಎ ವರದಿಯ ಅಂದಾಜಿನಂತೆ ಹತ್ತು ವರ್ಷದಲ್ಲಿ 5 ಲಕ್ಷ 50 ಸಾವಿರಕ್ಕೂ ಹೆಚ್ಚು ಡೀಸೆಲ್ ಪಿಕಪ್‌ಗಳಿಗೆ ಹೀಗೆ ಮಾಡಿದ್ದಾರೆ. ಅದರಿಂದ ಹೊರಬೀಳುವ ಹೆಚ್ಚುವರಿ ಹೊಗೆ, 90 ಲಕ್ಷ ಸರಿಯಿರುವ ಪಿಕಪ್‌ಗಳು ರಸ್ತೆಗೆ ಹೊಸದಾಗಿ ಬಂದದ್ದಕ್ಕೆ ಸಮ. ಮಾಡಿದವರೆಲ್ಲ ಬೇಸತ್ತವರಲ್ಲ, ಬರೀ ಹೆಚ್ಚು ಶಕ್ತಿ ಬೇಕು ಅಂತ ಮಾಡಿಸಿದವರೂ ತುಂಬಾ ಜನ. ಬೇಸತ್ತವರ ನೋವು ನನಗೆ ಅರ್ಥವಾಗುತ್ತದೆ. ಆದರೂ ಡಿಲೀಟನ್ನು ನಾನು ಒಪ್ಪಲಾರೆ. ಕಂಪನಿಯ ಮೇಲಿನ ಸಿಟ್ಟನ್ನು ಪಕ್ಕದ ಮನೆಯ ಮಗುವಿನ ಶ್ವಾಸಕೋಶದ ಮೇಲೆ ತೀರಿಸಿಕೊಳ್ಳಬಾರದು. ಅದರ ಜೊತೆಗೆ ಅದು ಕಾನೂನುಬಾಹಿರ, ಉಳಿದಿದ್ದ ವಾರಂಟಿಯೂ ಕೈಬಿಟ್ಟುಹೋಗುತ್ತದೆ.

ಸ್ವಲ್ಪ ಬದಲಾವಣೆ ಕಾಣುತ್ತಿದೆ. 2021-22ರ ಚಿಪ್ ಕೊರತೆಯಲ್ಲಿ ಡೆಫ್ ಟ್ಯಾಂಕಿನ ಸೆನ್ಸರುಗಳೇ ಸಿಗದೆ ಗಾಡಿಗಳು ನಿಂತಾಗ, ಹೊಸ ಸೆನ್ಸರ್ ಬರುವ ತನಕ ವೇಗ ಇಳಿಯದಂತೆ ತಂತ್ರಾಂಶ ಬದಲಾಯಿಸಲು ಇಪಿಎ ತಯಾರಕರಿಗೆ ದಾರಿ ಬಿಟ್ಟಿತು. ಅಂದರೆ ಸೆನ್ಸರ್ ಸತ್ತ ತಕ್ಷಣ ಗಾಡಿಯನ್ನು ಕಟ್ಟಿಹಾಕಲೇಬೇಕು ಅನ್ನುವುದು ಅನಿವಾರ್ಯ ಆಗಿರಲಿಲ್ಲ. 2025ರ ಆಗಸ್ಟಿನಲ್ಲಿ ಇಪಿಎ ಇನ್ನೂ ಮುಂದೆ ಹೋಯಿತು. ಈಗಿರುವ ಭಾರಿ ಟ್ರಕ್ಕುಗಳಿಗೆ ತಯಾರಕರು ಹೊಸ ತಂತ್ರಾಂಶ ಕೊಡಬಹುದು: ಮೊದಲ 650 ಮೈಲಿ ಅಥವಾ 10 ಗಂಟೆ ಬರೀ ಎಚ್ಚರಿಕೆ, 4,200 ಮೈಲಿ ಅಥವಾ 80 ಗಂಟೆಯ ನಂತರವಷ್ಟೇ ನೂರಕ್ಕೆ 15ರಷ್ಟು ಶಕ್ತಿ ಕಡಿತ. ವೇಗಕ್ಕೆ ಕಡಿವಾಣ ಬೀಳುವುದು ಅದಕ್ಕೂ ಆಮೇಲೆ, ಅದೂ ಗಂಟೆಗೆ 25 ಮೈಲಿಗೆ. ಇದು ಒಳ್ಳೆಯ ಹೆಜ್ಜೆ, ದಾರಿ ನಡುವೆ ಗಾಡಿ ತೆವಳುವ ಅಪಾಯ ತಪ್ಪುತ್ತದೆ. ಆದರೆ ಇದು ಮಾಲೀಕನಿಗೆ ಸಮಯ ಕೊಡುತ್ತದೆ, ಪಾರ್ಟು ಕೊಡುವುದಿಲ್ಲ. ಕೆಟ್ಟ ಸೆನ್ಸರ್ ಕೆಟ್ಟೇ ಇರುತ್ತದೆ, ಅಷ್ಟು ದಿನ ಹೊಗೆಯೂ ಜಾಸ್ತಿ ಹೋಗಬಹುದು.

ದಿನ ಎಣಿಸುವ ನಿಯಮ ಎಲ್ಲೂ ಇಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾದ ಹೊಗೆ ವಾರಂಟಿ ನಿಯಮಗಳಲ್ಲಿ ಒಂದು ಸಾಲು ಇದೆ: 30 ದಿನದೊಳಗೆ ಪಾರ್ಟು ಸಿಗದಿದ್ದರೆ, ಅಥವಾ 30 ದಿನದೊಳಗೆ ರಿಪೇರಿ ಮುಗಿಯದಿದ್ದರೆ ಅದನ್ನು ತುರ್ತು ಸ್ಥಿತಿ ಅಂತ ಪರಿಗಣಿಸಬೇಕು. ಆಗ ಮಾಲೀಕ ಬೇರೆ ಕಡೆ ರಿಪೇರಿ ಮಾಡಿಸಿ ಖರ್ಚನ್ನು ತಯಾರಕರಿಂದ ಕೇಳಬಹುದು. ಒಂದೇ ಗಾಡಿ ಇಟ್ಟುಕೊಂಡವನಿಗೆ 30 ದಿನವೂ ಬಹಳ ದೊಡ್ಡದು, ಆದರೂ ಅಲ್ಲಿ ಒಂದು ಅಂಕಿ ಇದೆ. ಇಂಥ ಅಂಕಿ ದೇಶಕ್ಕೆಲ್ಲ ಬರಬೇಕು, ರೀಕಾಲಿಗೂ ಬರಬೇಕು, ಅದು ದಾಟಿದರೆ ಬಾಡಿಗೆ ಗಾಡಿಯನ್ನೋ ದಿನದ ನಷ್ಟವನ್ನೋ ಕೊಡುವ ಹೊಣೆ ತಯಾರಕರ ಮೇಲೆ ಬೀಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಅದು ಬರುವ ತನಕ, ಗಾಡಿ ಸರ್ವಿಸ್ ಸೆಂಟರಿಗೆ ಬಿಡುವಾಗ ಜಾಬ್ ಕಾರ್ಡಿನಲ್ಲಿ ಬಿಟ್ಟ ತಾರೀಖು, ಮೈಲಿ, ಬಂದ ಕೋಡ್ ಮೂರನ್ನೂ ಬರೆಸಿಕೊಳ್ಳಿ. ದೀಪ ಹತ್ತಿದಾಗಲೇ ಪರದೆಯ ಫೋಟೋ ತೆಗೆದಿಡಿ. ಪಾರ್ಟು ಬಂದಿಲ್ಲ ಅಂತ ಅವರು ಫೋನಿನಲ್ಲಿ ಹೇಳಿದರೆ ಅದನ್ನೇ ಒಂದು ಮೆಸೇಜಿನಲ್ಲಿ ಕಳಿಸಿ ಅಂತ ಕೇಳಿ. ಡೆಫ್ ಕೊಂಡ ರಸೀದಿ, ಹೊರಗಿನ ಗ್ಯಾರೇಜಿನ ಬಿಲ್ಲು, ಸ್ವಂತ ದುಡ್ಡಿನಲ್ಲಿ ಬದಲಾಯಿಸಿದ ಭಾಗದ ಬಿಲ್ಲು ಯಾವುದನ್ನೂ ಬಿಸಾಡಬೇಡಿ. ಮುಂದೆ ಅದೇ ಭಾಗಕ್ಕೆ ರೀಕಾಲ್ ಬಂದರೆ ಹಾಕಿದ ದುಡ್ಡು ವಾಪಸ್ ಕೇಳಲು ಮೊದಲು ಬೇಕಾಗುವುದು ಆ ಬಿಲ್ಲೇ.